ಮಳೆಯ ನಾಡಿನಲ್ಲಿ ಮನೆಯ ಪರೀಕ್ಷೆ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಕಟ್ಟುವುದರ ಕಷ್ಟವನ್ನು ಕುರಿತು ನಾವು ಬೇಕಾದಷ್ಟು ಮಾತನಾಡುತ್ತೇವೆ. ಆದರೆ ಆ ಗಾದೆಯಲ್ಲಿ 'ಕಟ್ಟು' ಎಂಬ ಮಾತಿನ ಬೆನ್ನಿಗೇ 'ನೋಡು' ಎಂಬ ಮಾತೂ ಇದೆಯೆಂಬುದನ್ನು ನಾವು ಅಷ್ಟಾಗಿ ಗಮನಿಸಿದಂತಿಲ್ಲ. ಕಟ್ಟುವವರು ಕಟ್ಟಿ ಹೋಗುತ್ತಾರೆ. ನೋಡಬೇಕಾದವರು ಮನೆಯಲ್ಲಿ ಬಾಳುವವರು. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಎರಡನೆಯ ಮಾತನ್ನು ಕುರಿತು. ಅದರಲ್ಲಿಯೂ ಮಲೆನಾಡು ಮತ್ತು ಕರಾವಳಿಯಂತಹ ತೇವದ ಸೀಮೆಯಲ್ಲಿ ಮನೆಯನ್ನು ಹೇಗೆ ನೋಡಬೇಕೆಂಬುದನ್ನು ಕುರಿತು.

ಮೈಸೂರು ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಮಂಗಳೂರಿನಲ್ಲಿ ಅದು 3,500ನ್ನು ಮೀರುತ್ತದೆ. ಆಗುಂಬೆಯಲ್ಲಿ 7,000ವನ್ನೂ ದಾಟುತ್ತದೆ. ಅದರಲ್ಲಿಯೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬಿದ್ದುಹೋಗುತ್ತದೆ. ಅಂತಹ ಸೀಮೆಯಲ್ಲಿ ಮನೆಯೆಂಬುದು ನಾಲ್ಕು ತಿಂಗಳು ನೀರಿನೊಡನೆ ಹೋರಾಡಿ, ಎಂಟು ತಿಂಗಳು ಆ ಹೋರಾಟದ ಗಾಯಗಳನ್ನು ಮಾಯಿಸಿಕೊಳ್ಳುವ ವಸ್ತು. ನಿಮ್ಮಲ್ಲಿ ಅನೇಕರು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರುವವರಾದರೂ, ನಿಮ್ಮ ಹಿರಿಯರ ಮನೆ ತೀರ್ಥಹಳ್ಳಿ, ಸಾಗರ, ಕೊಪ್ಪ, ಮಡಿಕೇರಿ, ಉಡುಪಿಗಳ ಕಡೆ ಇರಬಹುದು. ಅಲ್ಲಿ ವಯಸ್ಸಾದ ತಂದೆತಾಯಿಗಳು ಇಬ್ಬರೇ ಇರಬಹುದು. ಇಲ್ಲವೆ ಬಾಗಿಲಿಗೆ ಬೀಗವೇ ಬಿದ್ದಿರಬಹುದು. ವರ್ಷಕ್ಕೊಮ್ಮೆ ಹಬ್ಬಕ್ಕೆ ಹೋಗಿ, ನಾಲ್ಕು ದಿನವಿದ್ದು ಹಿಂದಿರುಗುವವರಿಗೆ ಈ ಮಾತುಗಳಿಂದ ಸ್ವಲ್ಪ ಪ್ರಯೋಜನವಾದೀತೆಂದು ನನ್ನ ನಂಬಿಕೆ.

ನಾನು ಕಟ್ಟಡಗಳ ಕೆಲಸದಲ್ಲಿ ಬಾಳಿನ ಬಹುಭಾಗವನ್ನು ಕಳೆದವನು. ಆದುದರಿಂದ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗುಂಟೆಂದು ನೀವು ಭಾವಿಸಬಹುದು. ವಾಸ್ತವವಾಗಿ ನಾನು ಮಾತನಾಡುತ್ತಿರುವುದು ತಿಳಿದವನ ಅಧಿಕಾರದಿಂದಲ್ಲ, ತಪ್ಪಿದವನ ಅನುಭವದಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮಲೆನಾಡಿನಲ್ಲಿ ನಮ್ಮ ಅಕ್ಕನ ಮನೆ. ಹಳೆಯ ಕಾಲದ ಹೆಂಚಿನ ಮನೆ. ದಪ್ಪ ಗೋಡೆ, ಮರದ ತೊಲೆ, ಮೇಲೆ ಅಟ್ಟ. ಒಂದು ದೀಪಾವಳಿಗೆ ನಾನು ಅಲ್ಲಿಗೆ ಹೋಗಿದ್ದಾಗ ಅಕ್ಕ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ತೊಲೆ ಗೋಡೆಯೊಳಗೆ ಸೇರುವ ಕಡೆ ಅಂಗೈಯಗಲದ ಒಂದು ಕಂದು ಕಲೆಯನ್ನು ತೋರಿಸಿದಳು. "ನೀನು ಈ ಕಸಬು ಬಲ್ಲವನು, ಇದೇನೆಂದು ಒಂದಿಷ್ಟು ನೋಡೋ" ಎಂದಳು. ನಾನು ನೆಲದ ಮೇಲೆ ನಿಂತುಕೊಂಡೇ ತಲೆಯೆತ್ತಿ ನೋಡಿದೆ. "ಏನೂ ಇಲ್ಲ ಅಕ್ಕ, ಮಳೆಗಾಲದ ಶೀತ. ಒಣಗಿದ ಮೇಲೆ ಒಂದು ಕೈ ಬಣ್ಣ ಹೊಡೆಸಿಬಿಡು" ಎಂದೆ. ಅಕ್ಕನ ಅತ್ತೆಯವರು ಅಲ್ಲಿಯೇ ಮಂಚದ ಮೇಲೆ ಕುಳಿತಿದ್ದರು. "ಒಲೆ ಆರಿಸಿದ ಮೇಲೆ ಅಟ್ಟಕ್ಕೆ ಶೀತ ಹಿಡಿದಿದೆ ಮಾರಾಯ, ಮೊದಲು ಹೀಗಿರಲಿಲ್ಲ" ಎಂದರು. ಮನೆಗೆ ಅನಿಲದ ಒಲೆ ಬಂದು ಕೆಲವು ವರ್ಷಗಳಾಗಿದ್ದುವು. ಮುದುಕಿಗೆ ಹಳೆಯ ಸೌದೆಯೊಲೆಯ ಮೇಲಿನ ಮಮತೆ ಹೋಗಿಲ್ಲವೆಂದು ನಾವೆಲ್ಲರೂ ನಕ್ಕೆವು. ಭಾವನವರು ನನ್ನ ಮಾತಿನಂತೆ ಬಣ್ಣ ಹೊಡೆಸಿದರು.

ಮುಂದಿನ ವರ್ಷ ಪುನರ್ವಸು ಮಳೆಯಲ್ಲಿ, ಒಂದು ರಾತ್ರಿ, ಆ ತೊಲೆಯ ತುದಿ ನಾಲ್ಕು ಬೆರಳಿನಷ್ಟು ಕುಸಿಯಿತು. ಅಟ್ಟದ ಹಲಗೆ ಕಳಚಿ, ಅದರ ಮೇಲಿದ್ದ ಮಣ್ಣೂ ಸಾಮಾನುಗಳೂ ಕೆಳಗಿನ ಮಂಚದ ಮೇಲೆ ಬಿದ್ದುವು. ಆ ಮಂಚದ ಮೇಲೆ ದಿನವೂ ಮಲಗುತ್ತಿದ್ದವರು ಅತ್ತೆಯವರೇ. ಆ ರಾತ್ರಿ ಮೊಮ್ಮಗುವಿಗೆ ಜ್ವರ ಬಂದಿತ್ತೆಂದು ಅವರು ನಡುಮನೆಯಲ್ಲಿ ಅದರ ಪಕ್ಕದಲ್ಲಿ ಮಲಗಿದ್ದರು. ಆದುದರಿಂದ ಉಳಿದರು. ಅದು ನಮ್ಮ ಪುಣ್ಯವೇ ಹೊರತು ನನ್ನ ವಿದ್ಯೆಯಲ್ಲ. ಮಾರನೆಯ ವಾರ ನಾನು ಹೋಗಿ ಏಣಿ ಹಾಕಿ ಹತ್ತಿ ನೋಡಿದೆ. ಮಾಡಿನ ಮೇಲೆ ಒಂದು ಹೆಂಚು ಸೀಳಿತ್ತು. ಅಲ್ಲಿಂದ ಇಳಿದ ನೀರು ಪಕ್ಕಾಸಿನ ಗುಂಟ ಹರಿದು, ಆರು ಅಡಿ ದೂರದಲ್ಲಿ ತೊಲೆಯ ತುದಿಯನ್ನು ಸೇರುತ್ತಿತ್ತು. ಗೋಡೆಯೊಳಗಿನ ಆ ತುದಿಯನ್ನು ಬೆರಳಿನಿಂದಲೇ ಪುಡಿ ಮಾಡಬಹುದಾಗಿತ್ತು. ಗೋಡೆಯ ಬಣ್ಣ ಮಾತ್ರ ಹೊಸದಾಗಿಯೇ ಇತ್ತು.

ಶ್ರೋತೃಗಳೆ, ನನ್ನ ಉಪನ್ಯಾಸದ ಸಾರವೆಲ್ಲ ಈ ಕಥೆಯಲ್ಲಿಯೇ ಇದೆ. ಗೋಡೆಯ ಮೇಲಿನ ಕಲೆ ಒಂದು ರೋಗವಲ್ಲ, ರೋಗದ ಸೂಚನೆ. ಅದನ್ನು ಮುಚ್ಚಿದರೆ ನಮಗೆ ತಿಳಿಸುವ ಬಾಯಿಯನ್ನು ಮುಚ್ಚಿದಂತೆ. ಕಲೆಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆ 'ಇದನ್ನು ಹೇಗೆ ಅಳಿಸುವುದು' ಎಂಬುದಲ್ಲ. 'ನೀರು ಯಾವ ದಾರಿಯಿಂದ ಬಂದಿತು' ಎಂಬುದು.

ಮನೆಯೊಳಕ್ಕೆ ನೀರು ಬರುವ ದಾರಿಗಳು ಮುಖ್ಯವಾಗಿ ನಾಲ್ಕು. ಮೇಲಿನಿಂದ, ಎಂದರೆ ಮಾಡಿನಿಂದ. ಪಕ್ಕದಿಂದ, ಎಂದರೆ ಗಾಳಿಯೊಡನೆ ಗೋಡೆಗೆ ಬಡಿಯುವ ಮಳೆಯಿಂದ. ಕೆಳಗಿನಿಂದ, ಎಂದರೆ ನೆಲದ ತೇವ ಗೋಡೆಯನ್ನು ಏರುವುದರಿಂದ. ನಾಲ್ಕನೆಯದಾಗಿ, ಕಣ್ಣಿಗೆ ಕಾಣದೆ ಗಾಳಿಯಲ್ಲಿರುವ ನೀರಾವಿಯಿಂದ. ಒಡೆದ ಕೊಳಾಯಿಯಿಂದಲೂ ಬಚ್ಚಲಿನಿಂದಲೂ ಸೋರುವ ನೀರನ್ನು ಬೇಕಾದರೆ ಐದನೆಯದಾಗಿ ಎಣಿಸಬಹುದು. ಒಂದೊಂದು ದಾರಿಯ ನೀರಿಗೂ ಒಂದೊಂದು ಬಗೆಯ ಕೈಬರಹವಿದೆ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೇಲಿನಿಂದ ಬಂದ ನೀರಿನ ಕಲೆ ಕಂದು ಬಣ್ಣದ ಅಂಚುಳ್ಳದ್ದು. ಒಳಗೊಂದು ಹೊರಗೊಂದು ಬಳೆಯಂತೆ ಗೆರೆಗಳಿದ್ದರೆ, ಅದು ಅನೇಕ ಬಾರಿ ನೆನೆದು ಒಣಗಿದೆಯೆಂದು ತಿಳಿಯಬೇಕು. ಪಕ್ಕದಿಂದ ಬಂದ ನೀರು ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ಗೋಡೆಗಳಲ್ಲಿ, ಅದರಲ್ಲಿಯೂ ಕಿಟಕಿಗಳ ಕೆಳಗಿನ ಮೂಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಏಕೆಂದರೆ ನಮ್ಮ ಮುಂಗಾರು ಬೀಸುವುದೇ ಆ ಕಡೆಯಿಂದ. ಕೆಳಗಿನಿಂದ ಏರಿದ ತೇವವು ನೆಲದಿಂದ ಎರಡು ಮೂರು ಅಡಿಗಳವರೆಗೆ ಗೋಡೆಯುದ್ದಕ್ಕೂ ಒಂದು ಪಟ್ಟಿಯಂತೆ ನಿಲ್ಲುತ್ತದೆ. ಅದರ ಮೇಲಂಚಿನಲ್ಲಿ ಬಿಳಿಯ ಉಪ್ಪು ಹೂವಿನಂತೆ ಅರಳಿರುತ್ತದೆ. ಗಾರೆ ಹಪ್ಪಳದಂತೆ ಏಳುತ್ತದೆ. ಗಾಳಿಯ ನೀರಾವಿಯಿಂದಾದದ್ದು ಕಪ್ಪು ಚುಕ್ಕೆಗಳ ಬೂಷ್ಟು. ಅದು ಗಾಳಿಯಾಡದ ಮೂಲೆಗಳಲ್ಲಿಯೂ, ಗೋಡೆಗೆ ಒತ್ತರಿಸಿ ನಿಲ್ಲಿಸಿದ ಬೀರುವಿನ ಹಿಂದೆಯೂ ಹಬ್ಬುತ್ತದೆ.

ತೇವ ಗೋಡೆಯೊಳಗಿನದೋ ಗಾಳಿಯದೋ ಎಂಬ ಸಂದೇಹ ಬಂದರೆ ಒಂದು ಸುಲಭವಾದ ಪರೀಕ್ಷೆಯುಂಟು. ಒಂದು ಗೇಣಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು, ನಾಲ್ಕು ಅಂಚುಗಳನ್ನೂ ಗಾಳಿ ನುಸುಳದಂತೆ ಅಂಟುಪಟ್ಟಿಯಿಂದ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕೂತಿದ್ದರೆ ನೀರು ಕೋಣೆಯ ಗಾಳಿಯಿಂದ ಬಂದದ್ದು. ಗೋಡೆಯ ಕಡೆಯ ಒಳಮೈ ನೆನೆದಿದ್ದರೆ ಗೋಡೆಯೊಳಗಿನಿಂದ ಬಂದದ್ದು. ಇಷ್ಟು ತಿಳಿದುಕೊಳ್ಳದೆ ಮಾಡಿಸಿದ ದುರಸ್ತಿಗೆ ಸುರಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ಇನ್ನು, ಯಾವಾಗ ನೋಡಬೇಕು? ವರ್ಷಕ್ಕೆ ಎರಡು ಬಾರಿ ಕ್ರಮವಾಗಿ, ಒಂದು ಬಾರಿ ಕೊಡೆ ಹಿಡಿದುಕೊಂಡು. ಮೊದಲನೆಯದು ಮೇ ತಿಂಗಳಿನಲ್ಲಿ, ಮೃಗಶಿರೆ ಹುಟ್ಟುವುದಕ್ಕೆ ಮುಂಚೆ, ಕೆಲಸದವರು ಸಿಕ್ಕುವ ಕಾಲದಲ್ಲಿ. ಎರಡನೆಯದು ನವೆಂಬರಿನಲ್ಲಿ, ಮಳೆ ಬಿಟ್ಟು ಕಲೆಗಳು ಇನ್ನೂ ಮಾಸದಿರುವಾಗ. ಇವೆರಡರ ನಡುವೆ, ಜಡಿಮಳೆ ಹಿಡಿದ ಒಂದು ದಿನ, ಕೊಡೆ ಹಿಡಿದು ಮನೆಯನ್ನು ಒಂದು ಪ್ರದಕ್ಷಿಣೆ ಬನ್ನಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಬಿದ್ದದ್ದು ಯಾವ ಕಡೆಗೆ ಹರಿಯುತ್ತದೆ, ಎಲ್ಲಿ ಮಡುವಾಗಿ ನಿಲ್ಲುತ್ತದೆ, ಯಾವ ಗೋಡೆಗೆ ಎರಚಲು ಹೊಡೆಯುತ್ತದೆ ಎಂಬುದನ್ನು ನೋಡಿ. ಬಿಸಿಲಿನಲ್ಲಿ ಹತ್ತು ದಿನ ಪರೀಕ್ಷಿಸಿದರೂ ತಿಳಿಯದುದು ಆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಈಗ ಮಾಡಿನಿಂದ ಆರಂಭಿಸೋಣ. ಮಂಗಳೂರು ಹೆಂಚು ನಮ್ಮ ನಾಡಿಗೆ ಬಂದು ಒಂದೂವರೆ ಶತಮಾನ ಕಳೆಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅದರ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವಂತೆ ಮಾಡಿದ ಈ ಹೆಂಚು ಬಹಳ ಒಳ್ಳೆಯ ಹೊದಿಕೆ. ಆದರೆ ಅದಕ್ಕೆ ಕೈಯಾಡಿಸುವವರು ಬೇಕು. ತೆಂಗಿನಕಾಯಿ ಬಿದ್ದು ಒಡೆಯುತ್ತದೆ. ಮಂಗಗಳು ಓಡಾಡಿ ಸರಿಸುತ್ತವೆ. ಪಾಚಿ ಬೆಳೆದು ನೀರಿನ ಹರಿವನ್ನು ತಡೆಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಟ್ಟಕ್ಕೆ ಹೋಗಿ, ದೀಪವನ್ನು ಆರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ಕುಳಿತುಕೊಳ್ಳಿ. ಹೆಂಚು ಸೀಳಿದ ಕಡೆ, ಸರಿದ ಕಡೆ, ಬೆಳಕಿನ ಚುಕ್ಕೆ ಕಾಣುತ್ತದೆ. ಕೆಳಗೆ ನೀರು ತೊಟ್ಟಿಕ್ಕುವ ಸ್ಥಳಕ್ಕೆ ನೇರ ಮೇಲೆಯೇ ಕಂಡಿಯಿರಬೇಕೆಂದು ತಿಳಿಯಬೇಡಿ. ನಮ್ಮ ಅಕ್ಕನ ಮನೆಯಲ್ಲಿ ಆದಂತೆ, ನೀರು ಪಕ್ಕಾಸು ರೀಪುಗಳ ಗುಂಟ ಬಹು ದೂರ ನಡೆಯುತ್ತದೆ. ಆದುದರಿಂದ ಕಲೆಯ ಸ್ಥಳದಿಂದ ಮರದ ಗುಂಟ ಮೇಲಕ್ಕೆ ಹುಡುಕುತ್ತ ಹೋಗಬೇಕು. ಎರಡು ಮಾಡುಗಳು ಕೂಡುವ ಓಣಿಯಲ್ಲಿ ಹಾಸಿದ ತಗಡು, ಮಾಡಿನ ನೆತ್ತಿಯ ಹೆಂಚುಗಳ ಸಂದಿಗೆ ಮೆತ್ತಿದ ಗಾರೆ, ಗೋಡೆಗೆ ಮಾಡು ತಾಗುವ ಅಂಚು ಈ ಮೂರು ಕಡೆ ವಿಶೇಷ ಗಮನವಿರಲಿ. ಓಣಿಯಲ್ಲಿ ಎಲೆ ಕಸ ತುಂಬಿದರೆ, ಹೆಂಚು ಎಷ್ಟು ಚೆನ್ನಾಗಿದ್ದರೂ ನೀರು ಒಳಗೆ ಉಕ್ಕುತ್ತದೆ. ಮೇಲೆ ಹತ್ತುವ ಕೆಲಸವನ್ನು ಮಾತ್ರ ಪಳಗಿದವರಿಗೆ ಬಿಡಿ. ಪಾಚಿ ಹಿಡಿದ ಹೆಂಚಿನ ಮೇಲೆ ಕಾಲಿಡುವುದು ಪ್ರಾಣಾಪಾಯ.

ಕಾಂಕ್ರೀಟಿನ ತಾರಸಿಯಾದರೆ ಪರೀಕ್ಷೆ ಬೇರೆ. ನೀರು ಹೊರಹೋಗುವ ಕೊಳವೆಗಳ ಬಾಯಿ ತೆರೆದಿದೆಯೇ, ಒಂದು ಕೊಡ ನೀರು ಸುರಿದರೆ ಅದು ಆ ಬಾಯಿಗೇ ಹರಿಯುತ್ತದೆಯೇ, ಸುತ್ತುಗೋಡೆ ತಾರಸಿಯನ್ನು ಕೂಡುವ ಮೂಲೆಯಲ್ಲಿ ಬಿರುಕಿದೆಯೇ ಎಂಬುದನ್ನು ನೋಡಬೇಕು. ಒಳಗಿನ ಚಾವಣಿಯಲ್ಲಿ ರೂಲು ಹಿಡಿದು ಗೆರೆಯೆಳೆದಂತಹ ನೇರವಾದ ಬಿರುಕು, ಅದರ ಜೊತೆಗೆ ತುಕ್ಕಿನ ಬಣ್ಣ ಕಂಡುಬಂದರೆ ಅದನ್ನು ಲಘುವಾಗಿ ಎಣಿಸಬಾರದು. ಒಳಗಿರುವ ಕಬ್ಬಿಣದ ಸರಳು ತುಕ್ಕು ಹಿಡಿದಾಗ ಆ ತುಕ್ಕು ಮೂಲದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಒಡೆದು ಚಕ್ಕೆಯಾಗಿ ಬೀಳುತ್ತದೆ. ಸಮುದ್ರದ ಉಪ್ಪುಗಾಳಿ ಬೀಸುವ ಊರುಗಳಲ್ಲಿ ಇದು ಬೇಗನೆ ಆಗುತ್ತದೆ. ಒಂದು ಮರದ ಕೋಲಿನಿಂದ ಮೆಲ್ಲನೆ ತಟ್ಟಿ ನೋಡಿ. ಗಟ್ಟಿಯಾದ ಕಡೆ ಗಟ್ಟಿಯಾದ ಸದ್ದು. ಒಳಗೆ ಬಿಟ್ಟುಕೊಂಡ ಕಡೆ ಪೊಳ್ಳು ಸದ್ದು. ಪೊಳ್ಳಾಗಿದ್ದರೆ ಬಣ್ಣದವನನ್ನಲ್ಲ, ಇಂಜಿನಿಯರನ್ನು ಕರೆಯಬೇಕು. ಈಗ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ತಾರಸಿಯ ಮೇಲೆ ತಗಡಿನ ಮತ್ತೊಂದು ಮಾಡನ್ನು ಹಾಕಿಸುವುದು ವಾಡಿಕೆಯಾಗಿದೆ. ಅದು ಮಳೆಯನ್ನು ತಡೆಯುತ್ತದೆ, ನಿಜ; ಆದರೆ ಮೊದಲೇ ತುಕ್ಕು ಹಿಡಿದ ಸರಳನ್ನು ಅದು ಗುಣಪಡಿಸಲಾರದು.

ಗೋಡೆಯ ವಿಷಯಕ್ಕೆ ಬರೋಣ. ಕರಾವಳಿಯ ಮನೆಗಳು ಹೆಚ್ಚಾಗಿ ಮುರಕಲ್ಲಿನವು. 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಮಲಬಾರಿನಲ್ಲಿ ಈ ಕಲ್ಲನ್ನು ಇಟ್ಟಿಗೆಯಂತೆ ಕತ್ತರಿಸುವುದನ್ನು ಕಂಡು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಆತನ ಗ್ರಂಥ 1807ರಲ್ಲಿ ಪ್ರಕಟವಾಯಿತು. ನೆಲದಲ್ಲಿರುವಾಗ ಮೆತ್ತಗಿದ್ದು, ಗಾಳಿಗೆ ತೆರೆದಿಟ್ಟ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಗುಣ ಕಟ್ಟುವವರಿಗೆ ವರವಾಯಿತು. ಆದರೆ ಅದರ ಮೈಯೆಲ್ಲ ತೂತು. ನೀರನ್ನು ಕುಡಿಯುವ ಕಲ್ಲು. ಹಳಬರು ಇದನ್ನು ಅರಿತಿದ್ದರು. ಮಾಡಿನ ಸೂರನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚುತ್ತಿದ್ದರು. ಮಳೆ ಹೊಡೆಯುವ ದಿಕ್ಕಿಗೆ ತೆಂಗಿನ ಗರಿಯ ತಟ್ಟಿಯನ್ನೋ ಅಡಕೆಯ ಸೋಗೆಯನ್ನೋ ಕಟ್ಟುತ್ತಿದ್ದರು. ಸುಣ್ಣದ ಗಾರೆಯನ್ನು ಮೆತ್ತಿ, ವರ್ಷವರ್ಷವೂ ಸುಣ್ಣ ಬಳಿಯುತ್ತಿದ್ದರು.

ಸುಣ್ಣದ ಒಂದು ದೊಡ್ಡ ಗುಣವೆಂದರೆ, ಗೋಡೆಯೊಳಗೆ ಸೇರಿದ ತೇವವನ್ನು ಅದು ಆವಿಯಾಗಿ ಹೊರಕ್ಕೆ ಬಿಡುತ್ತದೆ. ಅಂತಹ ಹಳೆಯ ಗೋಡೆ ಉದುರುತ್ತಿದೆಯೆಂದು ನಾವು ಗಟ್ಟಿಯಾದ ಸಿಮೆಂಟು ಗಾರೆಯನ್ನು ಮೆತ್ತಿ, ಅದರ ಮೇಲೆ ನೀರು ನುಸುಳದ ಬಣ್ಣವನ್ನು ಬಳಿಯುತ್ತೇವೆ. ಒಳಗಿನ ತೇವ ಹೊರಕ್ಕೆ ಬರಲಾರದೆ ಇನ್ನಷ್ಟು ಮೇಲಕ್ಕೆ ಏರುತ್ತದೆ. ನೀರಿನೊಡನೆ ಬಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ, ಅದನ್ನು ತಳ್ಳಿ ಬೀಳಿಸುತ್ತದೆ. ಆಗ ಇನ್ನೂ ಗಟ್ಟಿಯಾದ ಸಿಮೆಂಟನ್ನು ಮೆತ್ತುತ್ತೇವೆ. ಈ ಚಕ್ರಕ್ಕೆ ಕೊನೆಯಿಲ್ಲ. ತೇವದ ಗೋಡೆಗೆ ಮೊದಲು ಮಾಡಬೇಕಾದ ಚಿಕಿತ್ಸೆ ನೀರಿನ ದಾರಿಯನ್ನು ಕಟ್ಟುವುದು; ಎರಡನೆಯದು ಒಂದು ಬೇಸಗೆ ಪೂರ್ತಿ ಒಣಗಲು ಬಿಡುವುದು; ಮೂರನೆಯದೇ ಗಾರೆ ಮತ್ತು ಬಣ್ಣ. ಹಳೆಯ ಸುಣ್ಣದ ಗೋಡೆಗೆ ಸುಣ್ಣವೇ ಮದ್ದು.

ಕೆಳಗಿನಿಂದ ಏರುವ ತೇವಕ್ಕೆ ಅನೇಕ ವೇಳೆ ಕಾರಣ ನಾವೇ ಆಗಿರುತ್ತೇವೆ. ಹೂವಿನ ಮಡಿಯೆಂದು ಗೋಡೆಗೆ ಮಣ್ಣನ್ನು ಏರಿಸುತ್ತೇವೆ. ಅಂಗಳಕ್ಕೆ ಹೊಸ ಹಾಸುಗಲ್ಲು ಹಾಕಿಸುವಾಗ ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹಾಕಿಸುತ್ತೇವೆ. ಅಂಗಳ ಎತ್ತರವಾಗಿ, ಅಡಿಪಾಯದ ಕಲ್ಲು ಮುಚ್ಚಿ, ನೀರು ಮನೆಯ ಕಡೆಗೇ ಇಳಿಯುತ್ತದೆ. ಗೋಡೆಯ ಬುಡ ಯಾವಾಗಲೂ ಕಣ್ಣಿಗೆ ಕಾಣುವಂತಿರಬೇಕು. ಅಂಗಳದ ಇಳಿಜಾರು ಮನೆಯಿಂದ ಹೊರಕ್ಕಿರಬೇಕು. ಸೂರಿನ ನೀರು ಬೀಳುವ ಕಡೆ ಚರಂಡಿಯಿರಬೇಕು. ಆ ಚರಂಡಿಯ ಹೂಳನ್ನು ಮೇ ತಿಂಗಳಿನಲ್ಲಿ ತೆಗೆಸಿರಬೇಕು.

ಗುಡ್ಡದ ಸೀಮೆಯವರು ಇದರೊಡನೆ ಮನೆಯ ಹಿಂದಿನ ದರೆಯನ್ನೂ ಪರೀಕ್ಷಿಸಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಮನೆಗಳೂ ತೋಟಗಳೂ ಮನುಷ್ಯರೂ ಮಣ್ಣುಪಾಲಾದುದನ್ನು ನಾವು ಮರೆಯಲಾರೆವು. ದರೆಯ ಮೇಲಂಚಿನಲ್ಲಿ ನೆಲ ಬಿರಿದಿದೆಯೇ, ನೆಟ್ಟಗಿದ್ದ ಮರ ಓಲಿದೆಯೇ, ಹಿಂದೆ ಇಲ್ಲದ ಕಡೆ ಒರತೆ ಹುಟ್ಟಿ ಕೆಸರುನೀರು ಬರುತ್ತಿದೆಯೇ, ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದೆಯೇ ಎಂಬುದನ್ನು ನೋಡಿ. ಜಡಿಮಳೆಯಲ್ಲಿ ಇವು ಕಂಡರೆ ದುರಸ್ತಿಯ ಯೋಚನೆ ಬೇಡ. ಮನೆಯವರೆಲ್ಲ ಹೊರಬಿದ್ದು, ಬೇರೆ ಸುರಕ್ಷಿತವಾದ ಸ್ಥಳವನ್ನು ಸೇರಿ, ಅಧಿಕಾರಿಗಳಿಗೆ ತಿಳಿಸಬೇಕು. ಮನೆಯನ್ನು ಮತ್ತೆ ಕಟ್ಟಬಹುದು.

ಮರದ ಕೆಲಸಕ್ಕೆ ವೈರಿಗಳು ಎರಡು ಬಗೆ. ಶಿಲೀಂಧ್ರ ಮತ್ತು ಹುಳು. ಒಣಮರದ ತೂಕಕ್ಕೆ ನೂರಕ್ಕೆ 20 ಪಾಲಿಗಿಂತ ಕಡಿಮೆ ನೀರಿರುವ ಮರದಲ್ಲಿ ಕೊಳೆತ ಹುಟ್ಟುವುದಿಲ್ಲ. ಒಣಗಿದ ಮರ ನೂರಾರು ವರ್ಷ ಬಾಳುವುದು ಇದರಿಂದಲೇ. ನೆಲದ ಗೆದ್ದಲಿಗೂ ತೇವ ಬೇಕು. ಅದು ನೆಲದಿಂದ ಗೋಡೆಯ ಮೇಲೆ ಸೀಸದಕಡ್ಡಿಯ ಗಾತ್ರದ ಮಣ್ಣಿನ ಸುರಂಗವನ್ನು ಕಟ್ಟಿಕೊಂಡು ಮರಕ್ಕೆ ಹೋಗುತ್ತದೆ. ಸುರಂಗವನ್ನು ಕೆರೆದು ಹಾಕಿದ ಮಾತ್ರಕ್ಕೆ ಗೆದ್ದಲು ಹೋಗುವುದಿಲ್ಲ. ನೆಲದೊಳಗಿನ ಗೂಡು ಹಾಗೆಯೇ ಇರುತ್ತದೆ. ಬಚ್ಚಲುಮನೆಯ ಬಾಗಿಲುಚೌಕಟ್ಟಿನ ಬುಡ, ಗೋಡೆಯೊಳಗೆ ಹುಗಿದ ತೊಲೆಗಳ ತುದಿ, ಮೆಟ್ಟಿಲಿನ ಕೆಳಗಿನ ಕತ್ತಲೆ ಈ ಸ್ಥಳಗಳನ್ನು ಮೊದಲು ನೋಡಬೇಕು. ನೋಡಿದರೆ ಸಾಲದು, ಒಂದು ಸಣ್ಣ ಚಾಕುವಿನ ತುದಿಯಿಂದ ಒತ್ತಬೇಕು. ಮರ ಎದುರು ನಿಂತರೆ ಸರಿ. ಚಾಕು ಬೆಣ್ಣೆಗೆ ಇಳಿದಂತೆ ಇಳಿದರೆ ಒಳಗೇನೂ ಉಳಿದಿಲ್ಲವೆಂದು ತಿಳಿಯಬೇಕು. ಈ ಒಂದು ಕೆಲಸವನ್ನು ನಾನು ಆ ದೀಪಾವಳಿಯಂದು ಮಾಡಿದ್ದರೆ ಸಾಕಾಗಿತ್ತು.

ಅಕ್ಕನ ಅತ್ತೆಯವರು ಒಲೆಯ ವಿಷಯದಲ್ಲಿ ಹೇಳಿದ ಮಾತು ಮಮತೆಯ ಮಾತಲ್ಲ, ವಿಜ್ಞಾನದ ಮಾತೆಂದು ನನಗೆ ಆಮೇಲೆ ತಿಳಿಯಿತು. ಸೌದೆಯ ಒಲೆ ಉರಿಯುತ್ತಿದ್ದಾಗ ಅದರ ಬಿಸಿಗಾಳಿಯೂ ಹೊಗೆಯೂ ಅಟ್ಟವನ್ನು ಹೊಕ್ಕು, ಹೆಂಚಿನ ಸಂದುಗಳಿಂದ ಹೊರಹೋಗುತ್ತಿದ್ದುವು. ಮಳೆಗಾಲವಿಡೀ ಅಟ್ಟದ ಮರ ದಿನಕ್ಕೆ ಎರಡು ಹೊತ್ತು ಒಣಗುತ್ತಿತ್ತು. ಹೊಗೆಯ ಮಸಿಗೆ ಹುಳು ಹತ್ತಿರ ಬರುತ್ತಿರಲಿಲ್ಲ. ಸಣ್ಣ ಸೋರಿಕೆಯಿದ್ದರೂ ಒಲೆ ಅದನ್ನು ತಿದ್ದಿಕೊಳ್ಳುತ್ತಿತ್ತು. ಒಲೆ ಆರಿದಂದಿನಿಂದ ಆ ಕಾವಲುಗಾರನಿಲ್ಲ. ಹಾಗೆಂದು ಹೊಗೆಯೊಲೆಯನ್ನು ಮತ್ತೆ ಹಚ್ಚಿರೆಂದು ನಾನು ಹೇಳುವವನಲ್ಲ. ಆ ಹೊಗೆ ತಲೆಮಾರುಗಳ ಹೆಂಗಸರ ಕಣ್ಣನ್ನೂ ಎದೆಯನ್ನೂ ಕೆಡಿಸಿದೆ. ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಒಲೆ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಮಾಡಬೇಕಾಗಿದೆ. ಅಟ್ಟದ ಎರಡು ಕೊನೆಗಳಲ್ಲಿ ಜಾಲರಿ ಹಾಕಿದ ಗವಾಕ್ಷಿಗಳನ್ನಿಟ್ಟು ಗಾಳಿಯಾಡಿಸಬೇಕು. ವರ್ಷಕ್ಕೆ ಎರಡು ಬಾರಿ ಕೈದೀಪ ಹಿಡಿದು ಅಲ್ಲಿಗೆ ಹತ್ತಬೇಕು. ಹಳೆಯ ಪದ್ಧತಿಯೊಂದನ್ನು ಬಿಡುವಾಗ ಅದು ಸದ್ದಿಲ್ಲದೆ ಮಾಡುತ್ತಿದ್ದ ಉಪಕಾರವೇನೆಂಬುದನ್ನು ವಿಚಾರಿಸಿಕೊಂಡು ಬಿಡುವುದು ಜಾಣತನ.

ಗಾಳಿಯ ತೇವದ ವಿಷಯದಲ್ಲಿ ಎರಡು ಮಾತು. ತಣ್ಣಗಿರುವ ನೆಲ ಗೋಡೆಗಳಿಗೆ ಒದ್ದೆಗಾಳಿ ತಗಲಿದಾಗ, ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವಂತೆ, ಅವೂ ಬೆವರುತ್ತವೆ. ಮಳೆ ಹೊಯ್ಯುತ್ತಿರುವಾಗ ಕಿಟಕಿಯನ್ನೆಲ್ಲ ತೆರೆದಿಟ್ಟರೆ ಮನೆ ಒಣಗುವುದಿಲ್ಲ. ಅಡುಗೆಮನೆಯ ಮತ್ತು ಬಚ್ಚಲಿನ ಆವಿಯನ್ನು ಹುಟ್ಟಿದ ಕಡೆಯಿಂದಲೇ ಹೊರಕ್ಕೆ ಕಳುಹಿಸಬೇಕು. ಬಿಸಿಲು ಬಿದ್ದ ಹೊತ್ತು ನೋಡಿ ಎದುರುಬದುರು ಕಿಟಕಿಗಳನ್ನು ತೆರೆಯಬೇಕು. ಬೀರುಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸಿಡಬೇಕು. ಒದ್ದೆಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಹರವಬಾರದು. ಬೂಷ್ಟು ಕೇವಲ ಕಣ್ಣಿಗೆ ಅಸಹ್ಯವಾದುದೆಂದು ಭಾವಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಈ ವಿಷಯವಾಗಿಯೇ ಮಾರ್ಗಸೂಚಿಗಳನ್ನು ಪ್ರಕಟಿಸಿ, ತೇವ ಮತ್ತು ಬೂಷ್ಟು ಹಿಡಿದ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸವೇ ಮೊದಲಾದ ಉಸಿರಾಟದ ತೊಂದರೆಗಳ ಭಯ ಹೆಚ್ಚೆಂದು ಹೇಳಿದೆ. ಮಗುವಿನ ಕೆಮ್ಮಿಗೆ ಔಷಧವನ್ನು ಕೊಡುವಾಗ ಅದು ಮಲಗುವ ಕೋಣೆಯ ಮೂಲೆಯನ್ನೂ ಒಮ್ಮೆ ನೋಡಿ.

ವಿದ್ಯುಚ್ಛಕ್ತಿಯ ವಿಷಯವನ್ನು ಮರೆಯಬಾರದು. ನೆನೆದ ಗೋಡೆಯಲ್ಲಿ ತಂತಿ ಹಾದಿದ್ದರೆ ಆ ಗೋಡೆಯೇ ಮುಟ್ಟಿದವರನ್ನು ಕೊಲ್ಲಬಹುದು. ಗೋಡೆ ಮುಟ್ಟಿದಾಗಲೋ ಕೊಳಾಯಿ ಹಿಡಿದಾಗಲೋ ಕೈ ಜುಮ್ಮೆಂದರೆ ಮುಖ್ಯ ಸ್ವಿಚ್ಚನ್ನು ಒಣಗಿದ ಕೈಯಿಂದ ಆರಿಸಿ, ಬಲ್ಲವರನ್ನು ಕರೆಸಿ. ಸೋರಿಹೋಗುವ ವಿದ್ಯುತ್ತನ್ನು ಕಂಡೊಡನೆ ಹರಿವನ್ನು ಕಡಿಯುವ ಯಂತ್ರವನ್ನು, ಎಂದರೆ 30 ಮಿಲಿಆಂಪಿಯರಿನ ರಕ್ಷಕವನ್ನು, ಪ್ರತಿ ಮನೆಯಲ್ಲಿಯೂ ಹಾಕಿಸಬೇಕು. ಅದರ ಮೇಲೆ ಪರೀಕ್ಷೆಗೆಂದೇ ಒಂದು ಗುಂಡಿಯಿರುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ಒತ್ತಿ, ದೀಪ ಆರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕೊನೆಯದಾಗಿ ಒಂದು ಸಲಹೆ. ಇದಕ್ಕೆ ಖರ್ಚು ಒಂದು ಸೀಸದಕಡ್ಡಿ, ಒಂದು ಪುಸ್ತಕ. ಗೋಡೆಯ ಮೇಲೆ ಕಲೆ ಕಂಡರೆ ಅದರ ಅಂಚಿನ ಗುಂಟ ಸೀಸದಕಡ್ಡಿಯಿಂದ ಗೆರೆಯೆಳೆದು ತಾರೀಖು ಬರೆಯಿರಿ. ಬಿರುಕು ಕಂಡರೆ ಅದರ ಎರಡು ತುದಿಗಳಿಗೂ ಅಡ್ಡಗೆರೆ ಹಾಕಿ ತಾರೀಖು ಬರೆಯಿರಿ. ಆರು ತಿಂಗಳ ಮೇಲೆ ಕಲೆ ಗೆರೆಯನ್ನು ದಾಟಿದ್ದರೆ ರೋಗ ನಡೆಯುತ್ತಿದೆ, ದಾಟದಿದ್ದರೆ ನಿಂತಿದೆ. ಮನುಷ್ಯನ ನೆನಪು 'ಇದು ಮೊದಲಿನಿಂದಲೂ ಹೀಗೆಯೇ ಇತ್ತು' ಎಂದು ಹೇಳಿ ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವುದರಲ್ಲಿ ಬಹಳ ಚುರುಕು. ತಾರೀಖಿಗೆ ಆ ದಾಕ್ಷಿಣ್ಯವಿಲ್ಲ. ಯಾವ ವರ್ಷ ಯಾವ ಹೆಂಚನ್ನು ಬದಲಾಯಿಸಿತು, ಯಾವ ಮೂಲೆ ಸೋರಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಮುಂದೆ ಆ ಮನೆಯನ್ನು ನೋಡಿಕೊಳ್ಳುವವರಿಗೆ ಅದೇ ದೊಡ್ಡ ಆಸ್ತಿ.

ನಮ್ಮ ಅಕ್ಕನ ಮನೆಗೆ ಈಗ ಹೊಸ ತೊಲೆ ಬಂದಿದೆ. ಅದರ ತುದಿಯ ಸುತ್ತ ಗಾಳಿಯಾಡುವಂತೆ ಗೋಡೆಯಲ್ಲಿ ಸ್ವಲ್ಪ ಎಡೆ ಬಿಡಿಸಿದ್ದೇನೆ. ಮಂಚವೂ ಅಲ್ಲಿಯೇ ಇದೆ. ಅತ್ತೆಯವರು ಮತ್ತೆ ಅದರ ಮೇಲೆಯೇ ಮಲಗುತ್ತಾರೆ. ಕಳೆದ ಬಾರಿ ನಾನು ಹೋದಾಗ, ಕಾಫಿ ಕೊಡುವುದಕ್ಕೆ ಮುಂಚೆಯೇ, "ಮೊದಲು ಅಟ್ಟ ಹತ್ತಿ ನೋಡಿ ಬಾ, ಮಾತು ಆಮೇಲೆ" ಎಂದರು. ಹತ್ತಿ ನೋಡಿ ಬಂದೆ. ಗೋಡೆಯ ಮೇಲೆ ಅಕ್ಕ ಎಳೆದಿದ್ದ ಸೀಸದಕಡ್ಡಿಯ ಗೆರೆಗಳಿದ್ದುವು. ಯಾವುದನ್ನೂ ಕಲೆ ದಾಟಿರಲಿಲ್ಲ.

ಈ ಬಾರಿ ನಿಮ್ಮ ಊರಿನ ಮನೆಗೆ ಹೋದಾಗ ನೀವೂ ಹಾಗೆಯೇ ಮಾಡಿರೆಂದು ಕೇಳಿಕೊಳ್ಳುತ್ತೇನೆ. ಹಿರಿಯರು ಒಂದು ಕಲೆಯನ್ನು ತೋರಿಸಿದರೆ ನೆಲದ ಮೇಲೆ ನಿಂತು ಉತ್ತರ ಹೇಳಬೇಡಿ, ಏಣಿಯನ್ನು ತರಿಸಿ.